ತಂಗಿಯ ಹೊಲಕ್ಕೆ ನಾನು ಹಾಯಿಸಿದ ಉಪ್ಪು

ಮಾರ್ಚ್ ಹನ್ನೊಂದರ ಬೆಳಿಗ್ಗೆ ಎಣಿಸಿದಾಗ, ನನ್ನ ತಂಗಿ ನೆಟ್ಟಿದ್ದ ನಾನೂರು ಟೊಮೇಟೊ ಸಸಿಗಳಲ್ಲಿ ಉಳಿದಿದ್ದವು ಮೂವತ್ತೇಳು. ಅವಳ ಅರ್ಧ ಎಕರೆ ನನ್ನ ಒಂದು ಎಕರೆಯ ಕೆಳಗಿದೆ. ಅಲ್ಲಿಯ ತರಕಾರಿಯಿಂದಲೇ ಅವಳ ಸಂಸಾರ ನಡೆಯಬೇಕು. ಸಾಲುಗಳ ನಡುವೆ ಮಣ್ಣಿನ ಮೇಲೆ ಬಿಳಿಯ ಪದರ ಕಟ್ಟಿತ್ತು.

“ನೀರು ಸಾಲದು. ಚೆನ್ನಾಗಿ ಹಾಯಿಸು, ತೊಳ್ಕೊಂಡು ಹೋಗುತ್ತೆ,” ಎಂದೆ.

“ಎರಡು ವರ್ಷದಿಂದ ಅದನ್ನೇ ಮಾಡ್ತಿದೀನಲ್ಲ ಅಣ್ಣ. ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು. ಮುಂದಿನ ಸಲವೂ ಹೀಗೇ ಆದ್ರೆ ಹೊಲ ಬಿಟ್ಟು ಕೂಲಿಗೆ ಹೋಗ್ತೀನಿ.”

ಮಣ್ಣು ಪರೀಕ್ಷೆಯ ಹುಡುಗಿಯನ್ನು ಕರೆಸಿದವಳು ಅವಳೇ. ಬಂದ ಹುಡುಗಿ ಸಸಿಗಳ ಕಡೆ ಒಮ್ಮೆ ನೋಡಿ, ನೇರವಾಗಿ ನನ್ನ ಬಾವಿಗೆ ಟೇಪು ಇಳಿಬಿಟ್ಟಳು.

“ನಾಲ್ಕಡಿಗೇ ನೀರು ಸಿಕ್ತು ಮೇಷ್ಟ್ರೇ. ಕಾಲುವೆ ಬರೋ ಮುಂಚೆ ಎಷ್ಟಿತ್ತು?”

“ನಲವತ್ತು. ಒಣ ಸೀಮೆಗೆ ಇದಕ್ಕಿಂತ ಭಾಗ್ಯ ಬೇಕಾ?”

“ರೋಗ ಅಲ್ಲೇ ಇರೋದು. ಆರಡಿಗಿಂತ ಮೇಲೆ ಬಂದ ನೀರನ್ನ ಮಣ್ಣು ಎಳ್ಕೊಳ್ಳುತ್ತೆ, ಬತ್ತಿ ಎಣ್ಣೆ ಎಳೆದ ಹಾಗೆ. ಬಿಸಿಲು ನೀರನ್ನ ಒಯ್ಯುತ್ತೆ, ಉಪ್ಪನ್ನ ಇಲ್ಲೇ ಬಿಡುತ್ತೆ.”

“ಕಾಲುವೆ ನೀರು ಸಿಹಿ ಕಣಮ್ಮ. ಮೂವತ್ತು ವರ್ಷ ಲೆಕ್ಕ ಕಲಿಸಿದವನಿಗೆ ಕಾಗಕ್ಕ ಗುಬ್ಬಕ್ಕನ ಕಥೆ ಹೇಳ್ಬೇಡ.”

“ಹಾಗಾದ್ರೆ ನೀವೇ ಲೆಕ್ಕ ಮಾಡಿ. ಲೀಟರಿಗೆ ಅರ್ಧ ಗ್ರಾಂ ಉಪ್ಪಿದೆ, ನಾಲಿಗೆಗೆ ಗೊತ್ತಾಗಲ್ಲ. ಒಂದು ಬೆಳೆಗೆ ಇಪ್ಪತ್ನಾಲ್ಕು ಲಕ್ಷ ಲೀಟರ್ ಬಿಡ್ತೀರಿ.”

ಮಾಡಿದೆ. ಹನ್ನೆರಡು ಕ್ವಿಂಟಲ್. ಮತ್ತೊಮ್ಮೆ ಮಾಡಿದೆ; ಉತ್ತರ ಬದಲಾಗಲಿಲ್ಲ.

“ಉಪ್ಪು ತಿಂದವರು ನೀರು ಕುಡೀಬೇಕು ಅಂತಾರೆ. ನೀವು ನೀರು ಕುಡಿಸಿ ತಂಗಿ ಹೊಲಕ್ಕೆ ಉಪ್ಪು ತಿನ್ನಿಸ್ತಿದೀರಿ!”

ತಂಗಿ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ನನಗೆ ನಗಲಾಗಲಿಲ್ಲ. ನಾನು ಹೆಚ್ಚಾಗಿ ಬಿಟ್ಟ ನೀರೆಲ್ಲ ನೆಲದೊಳಗೆ ಇಳಿದು, ಉಪ್ಪನ್ನು ಹೊತ್ತು, ಅವಳ ಹೊಲದಲ್ಲಿ ಎದ್ದಿತ್ತು.

ಅಂದಿನಿಂದ, ಕಾಲುವೆ ನೀರಿನ ಸರದಿ ಬಂದಿತೆಂಬ ಕಾರಣಕ್ಕೆ ನೀರು ತಿರುಗಿಸುವುದನ್ನು ಬಿಟ್ಟೆ. ಗೇಣಾಳದ ಮಣ್ಣು ಹಿಡಿಯಲ್ಲಿ ಉಂಡೆ ಕಟ್ಟಿದರೆ ನೀರಿಲ್ಲ; ಪುಡಿಯಾದರೆ ಮಾತ್ರ ಉಂಟು. ನೆರೆಯ ಆರು ಹೊಲದವರೂ ಹಾಗೆಯೇ ಮಾಡಿದರು. ಎಲ್ಲರೂ ಸೇರಿ ತಂಗಿಯ ಹೊಲದಂಚಿನಲ್ಲಿ, ನೆಲದ ಹೆಚ್ಚುವರಿ ನೀರು ಬಸಿದು ಹೋಗಲೆಂದು, ಆಳುದ್ದದ ಬಸಿಗಾಲುವೆ ತೋಡಿದೆವು. ಮಳೆ ಬಂದು ಮಣ್ಣಿನ ಉಪ್ಪನ್ನು ತೊಳೆದು ಅದರೊಳಕ್ಕೆ ಇಳಿಸಿತು. ಮರುವರ್ಷ ಬಾವಿಯ ನೀರು ಒಂಬತ್ತಡಿಗೆ ಇಳಿಯಿತು. ನನ್ನ ಬೆಳೆ ಒಂದು ಹಿಡಿಯೂ ಕಡಿಮೆಯಾಗಲಿಲ್ಲ. ತಂಗಿ ಕೂಲಿಗೆ ಹೋಗಲಿಲ್ಲ.

ನನ್ನ ತಪ್ಪನ್ನು ನನ್ನ ಕೈಯಿಂದಲೇ ತಿದ್ದಿಸಿದ ಆ ಹುಡುಗಿಗೆ ನಾನು ಕೃತಜ್ಞ. ಎರಡು ವರ್ಷ ನನ್ನನ್ನು ದೂರದೆ ದುಡಿದ ತಂಗಿಗೆ ಇನ್ನೂ ಹೆಚ್ಚು.

ಕಾಲುವೆಯ ಮಗ್ಗುಲಲ್ಲಿ ಬೆಳೆ ಇಡುವವರೇ, ನೀರು ತಿರುಗಿಸುವ ಮೊದಲು ಬಾವಿಯನ್ನು ಅಳೆಯಿರಿ. ಆರಡಿಯೊಳಗೆ ನೀರು ಸಿಕ್ಕರೆ ಹಿಗ್ಗಬೇಡಿ. ಮಣ್ಣು ಪರೀಕ್ಷೆ ಮಾಡಿಸಿ, ಬಸಿಗಾಲುವೆ ತೋಡಿ. ಕೆಳಗಿನ ಹೊಲದವರು ಬಂದು ಅಳಲಿ ಎಂದು ಕಾಯಬೇಡಿ.

“ನಿನಗೆ ಎರಡು ವರ್ಷದ ಬೆಳೆ ಕೊಡಬೇಕಮ್ಮ,” ಎಂದಿದ್ದೆ ತಂಗಿಗೆ.

“ಬಿಡಣ್ಣ, ಮನೆ ಲೆಕ್ಕ,” ಎಂದಳು.

ಅವಳು ಬಿಟ್ಟರೂ ಸಾಲ ಉಳಿದಿದೆ. ಬಸಿಗಾಲುವೆಯ ಹೂಳಿನಲ್ಲಿ ಅವಳ ಪಾಲನ್ನೂ ಪ್ರತಿ ವರ್ಷ ನಾನೇ ಎತ್ತುತ್ತಿದ್ದೇನೆ.