ಖಣಿ ದಂಡೆಯ ಪಕ್ಷಿ ವೀಕ್ಷಣೆ

ಕರುಣಾ ಟೀಚರ್ ಕೇಳಿದ್ದು ಬಹಳ ಸಣ್ಣದು. ಎರಡನೇ ತರಗತಿಯ ಮಕ್ಕಳನ್ನು ಒಂದು ಮುಂಜಾನೆ ಊರ ಹೊರಗಿನ ಹಳೆ ಖಣಿಗೆ ಕರೆದೊಯ್ದು ಹಕ್ಕಿ ತೋರಿಸಿಕೊಂಡು ಬರುತ್ತೇನೆ, ಒಪ್ಪಿಗೆ ಕೊಡಿ ಎಂದಷ್ಟೇ. ಹೆಡ್ ಮಾಸ್ತರ ಅಮೃತಪ್ಪನವರು ಮನಸ್ಸು ದೊಡ್ಡದು ಮಾಡಿ, ಒಪ್ಪಿಗೆಯ ಜೊತೆಗೆ ಶಾಮಿಯಾನಾ, ಮೈಕು, ಹಲಗಿ ಬಾರಿಸುವ ಮೇಳ, ಪಟಾಕಿ ಸರ, ಶಾಲು, ತೆಂಗಿನಕಾಯಿ ಮತ್ತು ಕಲಬುರಗಿಯಿಂದ ಒಬ್ಬ ಸಾಹೇಬರನ್ನೂ ಕೊಟ್ಟರು. ಕೇಳದೇ ಇಷ್ಟೆಲ್ಲ ಕೊಡುವವರು ಸರಕಾರಿ ನೌಕರಿಯಲ್ಲಿ ಅಪರೂಪ.

ಶಾಲೆ ಇರುವುದು ವಾಡಿಗೂ ಶಹಾಬಾದಿಗೂ ನಡುವಿನ ಒಂದು ಊರಲ್ಲಿ. ನೆಲಕ್ಕೆ ಹಾಸುವ ಫರಸಿ ಕಲ್ಲು ತೆಗೆದು ತೆಗೆದು, ಇನ್ನು ತೆಗೆಯುವುದು ಏನೂ ಉಳಿಯದಾದಾಗ ಬಿಟ್ಟು ಹೋದ ಖಣಿ ಊರಿನ ಪಕ್ಕದಲ್ಲೇ ಇದೆ. ತಳದಲ್ಲಿ ಹಸಿರು ನೀರು ನಿಂತಿದೆ. ಗೋಡೆಯ ಕಲ್ಲು ಬುಟ್ಟಿಯಲ್ಲಿ ಒಟ್ಟಿದ ರೊಟ್ಟಿಯಂತೆ ಪದರು ಪದರು. ಆ ಪದರುಗಳ ನಡುವಿನ ಒಂದು ಚಾಚಿನ ಮೇಲೆ, ಯಾವ ಅಧಿಕಾರಿಯ ಒಪ್ಪಿಗೆಯನ್ನೂ ಪಡೆಯದೆ, ಒಂದು ಕೊಂಬಿನ ಗೂಬೆ ಎರಡು ಮರಿ ಮಾಡಿತ್ತು.

ಕರುಣಾ ತೋರಿಸಬೇಕೆಂದಿದ್ದು ಅದನ್ನೇ. ಆ ಮಕ್ಕಳ ಪೈಕಿ ಬಹಳಷ್ಟು ಜನರ ಅಪ್ಪಂದಿರು ಕಲ್ಲು ಒಡೆಯುವವರು. ಖಣಿ ಎಂದರೆ ಧೂಳು, ಖಣಿ ಎಂದರೆ ಮದ್ದಿನ ಸಪ್ಪಳ, ಖಣಿ ಎಂದರೆ ಅತ್ತ ಹೋದರೆ ಬಡಿತ. ಅದೇ ಖಣಿಯೊಳಗೆ ಒಂದು ಜೀವ ಮನೆ ಮಾಡಿಕೊಂಡು ಮಕ್ಕಳನ್ನು ಸಾಕುತ್ತಿದೆ ಎಂಬುದನ್ನು ಅವರು ಕಣ್ಣಾರೆ ನೋಡಬೇಕು ಎಂದು ಆಕೆಗೆ ಹಟವೇ ಹಿಡಿದಿತ್ತು. ಅದಕ್ಕಾಗಿ ಎರಡನೇ ತರಗತಿಗೆ ಸುಮ್ಮನಿರುವುದನ್ನು ಕಲಿಸಿದಳು. ಶಿಕ್ಷಣ ಇಲಾಖೆ ಹುಟ್ಟಿದಾಗಿನಿಂದ ಯಾರಿಗೂ ಸಾಧ್ಯವಾಗದ ಕೆಲಸ ಅದು. ಚಪ್ಪಲಿ ಕಳಚಿ, ತುದಿಗಾಲಲ್ಲಿ ನಡೆದು, ಬೋರಲು ಮಲಗಿ, ಖಣಿ ದಂಡೆಗೆ ಬೇಲಿಯಂತೆ ನೆಟ್ಟ ಫರಸಿಗಳ ಸಂದಿಯಿಂದ ಇಣುಕುವುದನ್ನು ಮಕ್ಕಳು ಶಾಲೆಯ ಅಂಗಳದಲ್ಲೇ ರೂಢಿ ಮಾಡಿಕೊಂಡರು.

ಕಾರ್ಯಕ್ರಮದ ಹಿಂದಿನ ದಿನ ಅದು ಅಮೃತಪ್ಪನವರ ಕಣ್ಣಿಗೆ ಬಿತ್ತು.

"ಮೇಡಂ, ಮಕ್ಕಳು ಹಿಂಗ ಕಳ್ಳರಂಗ ಯಾಕ ನಡೀಲಿಕತ್ತಾವ?"

"ಪ್ರಾಕ್ಟೀಸ್ ರಿ ಸರ್. ಸಪ್ಪಳಾದ್ರ ಗೂಗಿ ಹಾರಿ ಹೋಗ್ತದ."

"ಏನು ಹಾರಿ ಹೋಗ್ತದ?"

"ಗೂಗಿ ರಿ. ಎರಡು ಮರಿ ಭೀ ಅವ."

ಅಮೃತಪ್ಪನವರು ಅಲ್ಲೇ ಕಟ್ಟೆಯ ಮೇಲೆ ಕುಸಿದು ಕುಳಿತರು. ಗೂಬೆ ಎಂಬ ಶಬ್ದ ಕಿವಿಗೆ ಬಿದ್ದದ್ದಕ್ಕೆ ಮೊದಲು ಎರಡೂ ಕೆನ್ನೆ ಮುಟ್ಟಿಕೊಂಡರು.

"ಅಶೋಕಕುಮಾರ ಸಾಹೇಬರು ಪ್ರಮೋಷನ್ ಆದ ಮ್ಯಾಲ ಮೊದಲ ಸಲ ನಮ್ಮ ಸಾಲಿಗಿ ಬರ್ಲಿಕತ್ತಾರ. ಅವರ ಮುಂದ ಗೂಗಿ ತಂದು ಇಡ್ತೀರೇನ್ರಿ? ಬ್ಯಾನರ್ ಮ್ಯಾಲ ನವಿಲು ಅದ, ಹಂಸ ಅದ. ಅವು ಸಾಲಂಗಿಲ್ಲೇನು?"

ಬ್ಯಾನರ್ ಮೇಲೆ ಪೆಂಗ್ವಿನ್ ಕೂಡ ಇತ್ತು. ವಾಡಿಯ ಬಿಸಿಲಲ್ಲಿ ಅದಕ್ಕೇನು ಕೆಲಸ ಎಂದು ಯಾರೂ ಕೇಳಿರಲಿಲ್ಲ. ಅದು ಅಪಶಕುನವಲ್ಲ, ಅಷ್ಟು ಸಾಕು.

ಹೆಡ್ ಮಾಸ್ತರರು ಕೂತಲ್ಲೇ ಪರಿಹಾರವನ್ನೂ ಕಂಡುಹಿಡಿದರು. "ಪಟಾಕಿ ಹೆಂಗೂ ತಂದೀವಿ. ಮುಂಜಾನೆ ಖಣಿ ದಂಡಿ ಮ್ಯಾಲೇ ಹಚ್ಚಿಸ್ತೀನಿ. ಸ್ವಾಗತಾನೂ ಆತು, ಗೂಗಿನೂ ಹೋತು."

ಮರಿಗಳಿಗೆ ಇನ್ನೂ ರೆಕ್ಕೆ ಬಲಿತಿಲ್ಲ. ಬೆದರಿ ಒಂದು ಹೆಜ್ಜೆ ಮುಂದಿಟ್ಟರೂ ಕೆಳಗೆ ನೀರೇ. ಗೂಬೆ ಇಲಿ ತಿನ್ನುತ್ತದೆ, ರೈತರಿಗೆ ಉಪಕಾರಿ, ಮಕ್ಕಳ ಪಾಠದಲ್ಲೂ ಇದೆ ಎಂದೆಲ್ಲ ಕರುಣಾ ಹೇಳಿ ನೋಡಿದಳು. ತರಬೇತಿ ಶಿಬಿರದ ಉಪನ್ಯಾಸ ಕೇಳುವಾಗ ಇಟ್ಟುಕೊಳ್ಳುವ ಮುಖವನ್ನೇ ಇಟ್ಟುಕೊಂಡು ಅಮೃತಪ್ಪನವರು ಕೇಳಿದರು. ಅಂದರೆ ಕೇಳಲಿಲ್ಲ. ಕೊನೆಗೆ ಅವರಿಗೆ ಅರ್ಥವಾಗುವ ಮಾತನ್ನೇ ಆಡಿದಳು.

"ಸರ್, ಕುಂತ ಗೂಗಿ ಯಾರಿಗೂ ಕಾಣಂಗಿಲ್ರಿ, ಕಲ್ಲಿನಂಗೇ ಇರ್ತದ. ಪಟಾಕಿ ಹಚ್ಚಿದ್ರ ಎದ್ದು ಹಾರ್ತದ. ಸಾಹೇಬರು ಗಾಡಿ ಇಳಿಯೋ ಹೊತ್ತಿನಾಗ ಅವರ ತಲಿ ಮ್ಯಾಲಿಂದ ಹಾರಿ ಹೋತಂದ್ರ?"

ಅಮೃತಪ್ಪನವರ ಕಣ್ಣ ಮುಂದೆ ಆ ಚಿತ್ರ ನಿಂತಿತು. ಹೊಸ ಪ್ರಮೋಷನ್, ಹೊಸ ಸಫಾರಿ ಸೂಟು, ಅದರ ಮೇಲೆ ಹಗಲು ಹೊತ್ತಿನ ಗೂಬೆ. ಆ ಕ್ಷಣದಿಂದ ಚಿತ್ತಾಪುರ, ಸೇಡಂ, ಚಿಂಚೋಳಿ ಎಲ್ಲ ಸೇರಿಸಿ ಹುಡುಕಿದರೂ ಅವರಂಥ ಪಕ್ಷಿ ಸಂರಕ್ಷಕ ಸಿಗುತ್ತಿರಲಿಲ್ಲ. ಪಟಾಕಿ ರದ್ದು. ಹಲಗಿಯವರಿಗೆ ಬರಬೇಡಿ ಎಂದು ಫೋನು. ಮೈಕು ಇರಲಿ, ಕರೆಂಟ್ ಬೇಡ. ಅಡುಗೆಯವಳಿಗೆ ಉಪ್ಪಿಟ್ಟಿನ ಒಗ್ಗರಣೆಯನ್ನು ಸಪ್ಪಳವಿಲ್ಲದೆ ಹಾಕಲು ಹುಕುಂ ಹೋಯಿತು. ಆಕೆ ಬಾಯಿಗೆ ಸೆರಗು ಹಚ್ಚಿ ನಕ್ಕಳು.

ಶಾಮಿಯಾನಾ ಮಾತ್ರ ಬೇರೆ ಕಡೆ ಹೋಗಲಿಲ್ಲ. ಖಣಿ ದಂಡೆಯಲ್ಲೇ ಹೊಡೆದಾಗಿತ್ತು, ಕಿತ್ತರೆ ಸಪ್ಪಳವಾದೀತು. ಜೊತೆಗೆ ಇನ್ನೊಂದು ಹುಕುಂ ಹೊರಟಿತು. "ಬೇಲಿ ಹತ್ರ ಒಬ್ಬರೂ ಹೋಗಂಗಿಲ್ಲ. ಮಕ್ಕಳು ಶಾಮಿಯಾನಾದಾಗೇ ಕುಂದ್ರಲಿ. ಹಕ್ಕಿ ಬ್ಯಾನರ್ ಮ್ಯಾಲ ನೋಡ್ಲಿ."

ಗೂಬೆ ಉಳಿಯಿತು, ನೋಡುವುದು ಹೋಯಿತು. ಕರುಣಾಳಿಗೆ ಸಿಟ್ಟು ಬಂತು, ಅಳುವೂ ಬಂತು. ಮಕ್ಕಳಿಗೆ ಏನು ಹೇಳಬೇಕೋ ತಿಳಿಯದೆ, ನಾಳೆ ಎಲ್ಲರೂ ತಲೆ ಬಾಚಿಕೊಂಡು ಬರ್ರಿ ಎಂದಷ್ಟೇ ಹೇಳಿದಳು.

ಮರುದಿನ ನಡೆದದ್ದು ಕಲಬುರಗಿ ಸೀಮೆಯಲ್ಲಿ ಹಿಂದೆಂದೂ ನಡೆಯದ ಸತ್ಕಾರ ಸಮಾರಂಭ. ಸಾಹೇಬರಿಗೆ ಪಿಸುಮಾತಿನಲ್ಲಿ ಸ್ವಾಗತ ಕೋರಲಾಯಿತು. ಪ್ರಾರ್ಥನೆ ಹಾಡುವ ಹುಡುಗಿಯರು ತುಟಿ ಮಾತ್ರ ಅಲ್ಲಾಡಿಸಿದರು. ಶಾಲು ಹೊದಿಸಿ ಹಾರ ಹಾಕಿದಾಗ ಚಪ್ಪಾಳೆಯ ಬದಲು ಎಲ್ಲರೂ ಕೈ ಮೇಲೆತ್ತಿ ಅಂಗೈ ಅಲ್ಲಾಡಿಸಿದರು. ಕುರ್ಚಿ ಕರ್ರೆನ್ನಿಸಿದ ಒಬ್ಬ ಶಿಕ್ಷಕರನ್ನು ಅಮೃತಪ್ಪನವರು ಸುಟ್ಟುಬಿಡುವಂತೆ ನೋಡಿದರು.

ಸಾಹೇಬರು ಮೊದಲು ಗಾಬರಿಯಾದರು. ಯಾರೋ ತೀರಿಕೊಂಡಿದ್ದಾರೆ ಎಂದುಕೊಂಡರಂತೆ. ಸ್ವಲ್ಪ ಹೊತ್ತಿಗೆ ಅವರ ಕಿವಿಗೆ ಬೇರೆ ಏನೇನೋ ಕೇಳತೊಡಗಿತು. ಜಾಲಿ ಗಿಡದಲ್ಲಿ ಯಾವುದೋ ಹಕ್ಕಿ ಕೂಗಿತು, ನೀರಿನ ಕಡೆಯಿಂದ ಇನ್ನೊಂದು ಉತ್ತರ ಕೊಟ್ಟಿತು. ಇಷ್ಟು ವರ್ಷ ಬರೀ ತಮ್ಮ ಹೊಗಳಿಕೆಯನ್ನೇ ಕೇಳಿದ ಕಿವಿ ಅದು, ಪಾಪ. ಮನಸ್ಸು ಕರಗಿತು. ಭಾಷಣಕ್ಕೆ ನಿಂತವರು ತಾವೂ ಪಿಸುಗುಟ್ಟಿದರು.

"ಹಕ್ಕಿಗಳಿಗೆ ತ್ರಾಸ ಆಗಬಾರದಂತ ಇಷ್ಟು ಶಿಸ್ತು! ನನ್ನ ಸರ್ವಿಸಿನಾಗೇ ನೋಡಿಲ್ರಿ. ಮೂಢನಂಬಿಕಿ ಹೋಗಬೇಕು, ಮಕ್ಕಳೊಳಗ ವೈಜ್ಞಾನಿಕ ಮನೋಭಾವ ಬೆಳೀಬೇಕು. ಈ ಸಾಲಿ ಇಡೀ ಜಿಲ್ಲಾಕ್ಕ ಮಾದರಿ ಅದ."

ಅಂಗೈಗಳು ಮತ್ತೆ ಮೇಲೆದ್ದು ಅಲ್ಲಾಡಿದವು. ಅಮೃತಪ್ಪನವರ ಕಣ್ಣು ತುಂಬಿತು. ಅಲ್ಲಿಗೇ ಮುಗಿದಿದ್ದರೆ ಎಲ್ಲರೂ ಉಪ್ಪಿಟ್ಟು ತಿಂದು ಮನೆಗೆ ಹೋಗುತ್ತಿದ್ದರು. ಆದರೆ ಸಾಹೇಬರಿಗೆ ಪ್ರೀತಿ ಉಕ್ಕಿತ್ತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ನಾಹಿದ ಎಂಬ ಹುಡುಗಿಯನ್ನು ಹತ್ತಿರ ಕರೆದರು.

"ಹೇಳವ್ವ, ಯಾವ ಹಕ್ಕಿ ಸಲುವಾಗಿ ಎಲ್ಲಾರೂ ಇಷ್ಟು ಸುಮ್ಮ ಕುಂತೀರಿ?"

ಅಮೃತಪ್ಪನವರು ಬ್ಯಾನರಿನ ನವಿಲಿನತ್ತ ಬೆರಳು ಚುಚ್ಚಿ ಚುಚ್ಚಿ ತೋರಿಸಿದರು. ನಾಹಿದ ಅದನ್ನೂ ನೋಡಿದಳು, ಕರುಣಾ ಟೀಚರನ್ನೂ ನೋಡಿದಳು. ಕರುಣಾ ತಲೆ ಅಡ್ಡ ಆಡಿಸಿದ್ದರೆ ಸಾಕಾಗಿತ್ತು, ಹುಡುಗಿ ನವಿಲು ಎಂದುಬಿಡುತ್ತಿದ್ದಳು. ಸುಮ್ಮನಿರಲು ಕಲಿಸಿದ್ದೇನೆ, ಸುಳ್ಳು ಹೇಳಲು ಕಲಿಸಲಾರೆ ಎಂದು ಅವಳಿಗೆ ಅನ್ನಿಸಿತು. ಹೇಳು ಎಂದು ತಲೆಯಾಡಿಸಿದಳು.

ನಾಹಿದ ತುದಿಗಾಲಲ್ಲಿ ನಿಂತು, ಕಲಿಸಿದಂತೆಯೇ, ಸಾಹೇಬರ ಕಿವಿಯಲ್ಲಿ ಉಸುರಿದಳು. "ಗೂಗಿ ರಿ ಸರ್. ನಿಮ್ಮ ಕುರ್ಚಿ ಹಿಂದೇ ಅದ."

ವೈಜ್ಞಾನಿಕ ಮನೋಭಾವದ ಕುತ್ತಿಗೆ ಹಿಂದಕ್ಕೆ ತಿರುಗಲಿಲ್ಲ. ಸಾಹೇಬರು ಬಹಳ ನಿಧಾನಕ್ಕೆ ಹಾರ ತೆಗೆದಿಟ್ಟರು, ಅರ್ಜೆಂಟ್ ಮೀಟಿಂಗ್ ಒಂದನ್ನು ನೆನಪಿಸಿಕೊಂಡರು, ಮತ್ತು ಆ ಗಾತ್ರದ ಮನುಷ್ಯನಿಂದ ಯಾರೂ ನಿರೀಕ್ಷಿಸದ ವೇಗದಲ್ಲಿ ಗಾಡಿ ಸೇರಿದರು. ಅವರ ಹಿಂದೆ ತೆಂಗಿನಕಾಯಿ ಹಿಡಿದ ಅಮೃತಪ್ಪನವರು, ಅವರ ಹಿಂದೆ ಉಳಿದ ಶಿಕ್ಷಕರು, ಅವರ ಹಿಂದೆ ಯಾಕೆ ಓಡುತ್ತಿದ್ದೇವೆಂದು ತಿಳಿಯದ ಊರ ಹಿರಿಯರು. ಅಷ್ಟು ಜನ ಓಡಿದರೂ ಸಪ್ಪಳವಾಗಲಿಲ್ಲ. ಗೂಬೆ ಎದ್ದೀತೆಂಬ ಭಯ.

ಶಾಮಿಯಾನಾದಲ್ಲಿ ಉಳಿದದ್ದು ಮಕ್ಕಳು ಮತ್ತು ಕರುಣಾ. ಬೇಡ ಅನ್ನುವವರು ಯಾರೂ ಇರಲಿಲ್ಲ.

ಅವಳು ಬೇಲಿಯ ಕಡೆ ನೋಡಿದಳು. ಮಕ್ಕಳು ಆಗಲೇ ಚಪ್ಪಲಿ ಕಳಚುತ್ತಿದ್ದರು. ತುದಿಗಾಲಲ್ಲಿ ಹೋಗಿ ಬೋರಲು ಮಲಗಿ, ಫರಸಿಗಳ ಸಂದಿಗೊಬ್ಬರಂತೆ ಕಣ್ಣಿಟ್ಟರು. ಚಾಚಿನ ಮೇಲೆ ತಾಯಿ ಗೂಬೆ ಕುಳಿತಿತ್ತು, ಬದಿಗೆ ಅರಳೆಯ ಉಂಡೆಗಳಂತೆ ಎರಡು ಮರಿ. ಒಂದು ಮರಿ ಆಕಳಿಸಿತು. ಮಕ್ಕಳ ಸಾಲಿನಲ್ಲಿ ಯಾರೋ ಆಕಳಿಸಿದರು. ಗೂಬೆ ಕಿತ್ತಳೆ ಬಣ್ಣದ ಕಣ್ಣು ತೆರೆದು ಅವರನ್ನು ದಿಟ್ಟಿಸಿತು. ಒಂದು ಮಗುವೂ ಹೆದರಲಿಲ್ಲ. ಕರುಣಾಳಿಗೆ ಸಂತೋಷ ತಡೆಯಲಾಗಲಿಲ್ಲ, ಅಳು ಬಂದೇಬಿಟ್ಟಿತು.

ಅಷ್ಟರಲ್ಲಿ ಅಮೃತಪ್ಪನವರು ಬೆವರುತ್ತ ಹಿಂದಿರುಗಿದರು. ಬೇಲಿಯಿಂದ ದೂರವೇ ನಿಂತು ಪಿಸುಗುಟ್ಟಿದರು. "ಎಲ್ಲಾ ಮಣ್ಣಾಗಿಸಿದ್ರಿ ಮೇಡಂ! ನಾಳೆ ನೋಟೀಸ್ ಬರ್ತದ. ಏನಂತ ಉತ್ತರಾ ಬರೀತೀರಿ?"

"ಮಕ್ಕಳು ಹಕ್ಕಿ ನೋಡಿದ್ವು ಅಂತ ಬರೀತೀನ್ರಿ ಸರ್," ಎಂದಳು ಕರುಣಾ, ಸಂದಿಯಿಂದ ಕಣ್ಣು ತೆಗೆಯದೆ.