ಹೆಡ್ವಿಗ್ ಹೆಣೆದ ಗುಲಾಬಿ

ಸಕ್ಕರೆ ಲೇಪದ ಬಾದಾಮಿಯ ಪುಟ್ಟ ಡಬ್ಬಿ ಅಂಚೆಯಲ್ಲಿ ಬಂದ ದಿನವೇ ಹೆಡ್ವಿಗ್‌ಗೆ ವಾಸನೆ ಹತ್ತಿತ್ತು. ಮಗು ಹುಟ್ಟಿದ ಮನೆಯವರು ನೆಂಟರಿಷ್ಟರಿಗೆಲ್ಲ ಬಾದಾಮಿ ಹಂಚುವುದು ವಾಡಿಕೆಯೇ. ಆದರೆ ಅಕ್ಕ ಗೊಡಲೀವಳ ಮನೆಯಿಂದ ಮೂವತ್ತನಾಲ್ಕು ವರ್ಷಗಳಲ್ಲಿ ಒಂದೇ ಒಂದು ಬಾದಾಮಿ ಬಂದಿರಲಿಲ್ಲ. ಈಗ ಇದ್ದಕ್ಕಿದ್ದಂತೆ, ಅಕ್ಕನ ಮಗಳು ಕಾತ್ಲೈನ್‌ಗೆ ಹೆಣ್ಣುಮಗು ಹುಟ್ಟಿದೆಯೆಂದು ಚೆಂದದ ಕಾರ್ಡು, ಜೊತೆಗೆ ಈ ಡಬ್ಬಿ. ವಾರ ಕಳೆಯುವುದರೊಳಗೆ ಭಾವ ಫಿರ್ಮಿನ್‌ನ ಫೋನು.

"ಏನಿಲ್ಲ ಹೆಡ್ವಿಗ್, ಸುಮ್ನೆ ಊರು ನೋಡ್ಕೊಂಡು ಹೋಗೋಣ ಅಂತ. ನಾನು, ನಿಮ್ಮಕ್ಕ, ಕಾತ್ಲೈನು, ಮಗು. ದೋಣಿ ಹತ್ತೋದು, ಊಟ ಮಾಡೋದು, ನಿನ್ನ ಕೈಯಿಂದ ಒಂದು ಲೋಟ ಕಾಫಿ ಕುಡಿದು ಹೊರಡೋದು."

"ಬನ್ನಿ ಭಾವ, ಬನ್ನಿ. ಊರೇನು ಎಲ್ಲೂ ಓಡಿಹೋಗಿಲ್ಲ" ಎಂದಳು ಹೆಡ್ವಿಗ್. ಫೋನಿಟ್ಟವಳೇ ಡ್ರಾಯರಿನಿಂದ ಸಣ್ಣ ಕತ್ತರಿ ತೆಗೆದು ಸಾಣೆ ಹಿಡಿದು ಮತ್ತೆ ಒಳಗಿಟ್ಟಳು. ಅಕ್ಕನಿರುವ ಕೋರ್ಟ್ರೈಕ್‌ನಿಂದ ತನ್ನೂರು ಬ್ರೂಜ್‌ಗೆ ರೈಲಿನಲ್ಲಿ ಒಂದು ಗಂಟೆಯೂ ಹಿಡಿಯುವುದಿಲ್ಲ. ಅಷ್ಟು ದಾರಿ ಬರಲು ಇಷ್ಟು ವರ್ಷ ತೆಗೆದುಕೊಂಡವರು ಊರು ನೋಡಲು ಬರುತ್ತಿಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು. ಅವರಿಗೆ ಬೇಕಾದದ್ದು ಲೇಸ್ ಹೆಣೆಯುವ ಅವಳ ಕೈ.

ಅಕ್ಕನ ಮನೆಯಲ್ಲಿ, ಚರ್ಚಿನಲ್ಲಿ ಮಗುವಿಗೆ ಜ್ಞಾನಸ್ನಾನ ಮಾಡಿಸುವಾಗ ತೊಡಿಸುವ ಅಂಗಿಯೊಂದಿತ್ತು. ಗೊಡಲೀವ ಚೊಚ್ಚಲ ಬಸುರಿಯಾದಾಗ ಅಮ್ಮ ಅದಕ್ಕೆ ಲೇಸ್ ಹೆಣೆಯಲು ಕೂತಳು. ಅಂಚು ಮುಗಿಯುವಷ್ಟರಲ್ಲಿ ಅಮ್ಮನ ಕಣ್ಣಿಗೆ ಪೊರೆ ಬಂತು. ಎದೆಯ ಮೇಲಿನ ದೊಡ್ಡ ಗುಲಾಬಿಯನ್ನು ಹೆಡ್ವಿಗ್ ಹೆಣೆದಳು. ಚಳಿಗಾಲವಿಡೀ ಕಿಟಕಿಯ ಬಳಿ ಲೇಸ್ ಹೆಣೆಯುವ ದಿಂಬು ತೊಡೆಯ ಮೇಲಿಟ್ಟುಕೊಂಡು, ದಾರ ಸುತ್ತಿದ ಮರದ ಕಡ್ಡಿಗಳನ್ನು ಅತ್ತಿತ್ತ ಹೊರಳಿಸುತ್ತಾ ಕೂತಳು. ಹೊಟ್ಟೆ ಹೊತ್ತ ಅಕ್ಕ ಎದುರಿಗೇ ಕೂತು ನೋಡುತ್ತಿದ್ದಳು. ಕಾತ್ಲೈನ್ ಆ ಅಂಗಿ ತೊಟ್ಟೇ ಚರ್ಚಿಗೆ ಹೋದಳು.

ಎರಡು ವರ್ಷದ ನಂತರ ಹೆಡ್ವಿಗ್‌ಗೂ ಮಗುವಾಯಿತು. ಮದುವೆಯಾಗಿರಲಿಲ್ಲ. ಮಗುವಿನ ತಂದೆ ಹಡಗು ಹತ್ತಿ ಹೋದವನು ಹೋದವನೇ. ಅಂಗಿ ಕೇಳಲು ಹೋದಾಗ ಗೊಡಲೀವ ಬಾಗಿಲಲ್ಲೇ ಕೈ ಅಡ್ಡ ಇಟ್ಟಳು. "ಅದು ಮದುವೆ ಆದೋರ ಮಕ್ಕಳಿಗೆ ಕಣೇ. ಅಂಥಾ ಮಗೂಗೆ ಹಾಕಿದ್ರೆ ನಾಳೆ ನನ್ನ ಮಕ್ಕಳಿಗೆ ಹಾಕೋದು ಹ್ಯಾಗೆ?"

ಅಂಥಾ ಮಗು. ಈ ಎರಡು ಮಾತನ್ನು ಹೆಡ್ವಿಗ್ ಅಷ್ಟು ವರ್ಷ ಜೋಪಾನ ಮಾಡಿದ್ದಳು, ಒಂದು ದಿನವೂ ಮರೆತಿರಲಿಲ್ಲ. ಅವತ್ತು ಲೇಸ್ ದಿಂಬಿನ ನೀಲಿ ಬಟ್ಟೆಯನ್ನೇ ಬಿಚ್ಚಿ ಅಂಗಿ ಹೊಲಿದು ಮಗುವಿಗೆ ತೊಡಿಸಿದಳು. ಪಾದ್ರಿ ಏನೂ ಅನ್ನಲಿಲ್ಲ. ಪುಣ್ಯಾತ್ಮ, ಮಗುವಿನ ತಲೆಗೆ ಎಲ್ಲರಿಗೂ ಹಾಕುವಷ್ಟೇ ನೀರು ಹಾಕಿದ. ಮುಂದೆ ಅಮ್ಮ ಸತ್ತಾಗ ಹೆಡ್ವಿಗ್ ಮಗಳ ಕೈ ಹಿಡಿದು ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತಿದ್ದಳು. ಮಣ್ಣು ಮಾಡಿದ ಮೇಲೆ ಬಂದವರಿಗೆಲ್ಲ ಕಾಫಿ, ಬನ್ನು ಕೊಟ್ಟರು. ಈ ತಾಯಿ ಮಗಳನ್ನು ಯಾರೂ ಕರೆಯಲಿಲ್ಲ.

ಈಗ ಅದೇ ಅಕ್ಕ ಸ್ಟೇಷನ್ನಿನಲ್ಲಿ ಇಳಿದು ಕೆನ್ನೆಗೆ ಕೆನ್ನೆ ತಾಗಿಸಿ ಮುತ್ತಿಟ್ಟಳು. ಕೈಯಲ್ಲಿ ಚಾಕಲೇಟಿನ ಪೆಟ್ಟಿಗೆ. ಹೆಜ್ಜೆಗೊಂದು ಚಾಕಲೇಟು ಅಂಗಡಿಯಿರುವ ಬ್ರೂಜ್‌ಗೆ ಚಾಕಲೇಟು ಹೊತ್ತು ತಂದ ಜಾಣೆ! ಹೆಡ್ವಿಗ್ ನಗುತ್ತಲೇ ತೆಗೆದುಕೊಂಡಳು. ಫಿರ್ಮಿನ್‌ನ ಕಂಕುಳಲ್ಲಿ ರಟ್ಟಿನ ಡಬ್ಬವೊಂದಿತ್ತು. ಅದರಲ್ಲೇನಿದೆಯೆಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಕಾಲುವೆಯ ದೋಣಿ ಕಟ್ಟೆಯಲ್ಲಿ ಉದ್ದ ಸಾಲು. ತಮ್ಮ ಸರದಿ ಬಂದಾಗ ಹೆಡ್ವಿಗ್ ಹಿಂದಿನವರಿಗೆ ಜಾಗ ಬಿಟ್ಟಳು. ಮುಂದಿನ ದೋಣಿ ಬಂದಾಗಲೂ ಹಾಗೇ ಮಾಡಿದಳು.

"ಏನಮ್ಮ ಇದು, ದಾನ ಮಾಡ್ತಾ ನಿಂತಿದೀಯಾ?" ಎಂದು ಫಿರ್ಮಿನ್ ಸಿಡುಕಿದ. "ಬಿಸಿಲಲ್ಲಿ ನನ್ನ ತಲೆ ಕಾದು ಹಂಚಾಗಿದೆ."

"ತಾಳಿ ಭಾವ. ಬರೋ ದೋಣಿ ನಡೆಸೋಳು ಊರಿಗೇ ಗಟ್ಟಿಗಿತ್ತಿ. ಅವಳ ಬಾಯಲ್ಲೇ ಕಥೆ ಕೇಳ್ಬೇಕು."

ಗಟ್ಟಿಗಿತ್ತಿ ಬಂದಳು. ಬಿಸಿಲಿಗೆ ಕಂದಿದ ಮುಖ, ಎತ್ತಿ ಕಟ್ಟಿದ ಕೂದಲು. ಮೂವತ್ತು ಜನ ತುಂಬಿದ ದೋಣಿಯನ್ನು ಒಂದೇ ಕೈಯಲ್ಲಿ ತಿರುಗಿಸಿ, ತಲೆಗೆ ತಾಗುವಂಥ ಸೇತುವೆಗಳ ಕೆಳಗೆ ನುಸುಳಿಸುತ್ತಾ ಹೋದಳು. ಕಾತ್ಲೈನ್‌ಳ ಮಗು ಅತ್ತಾಗ ಬಿಸಿಲು ಬೀಳದ ಕಡೆಗೆ ಜಾಗ ಮಾಡಿಕೊಟ್ಟಳು. ಹಂಸಗಳು ಕಂಡಾಗ ಇಂಜಿನ್ ತಗ್ಗಿಸಿ ಕಥೆ ಹೇಳಿದಳು.

"ಒಂದು ಕಾಲದಲ್ಲಿ ಈ ಊರೋರು ಚಕ್ರವರ್ತಿಯ ಕಡೆಯೋನೊಬ್ಬನ ತಲೆ ತೆಗೆದ್ರಂತೆ. ಅವನ ಮನೆತನದ ಹೆಸರಿಗೆ ಉದ್ದ ಕತ್ತು ಅಂತ ಅರ್ಥ. ಚಕ್ರವರ್ತಿ ಶಾಪ ಕೊಟ್ಟ. ಉದ್ದ ಕತ್ತಿನ ಹಂಸಗಳನ್ನ ನೀವು ಕೊನೇವರೆಗೂ ಸಾಕ್ಬೇಕು, ನೋಡಿದಾಗೆಲ್ಲ ಮಾಡಿದ್ದು ನೆನಪಾಗ್ಬೇಕು ಅಂತ. ಇವತ್ತಿಗೂ ಸಾಕ್ತಿದೀವಿ ನೋಡಿ."

"ಅಬ್ಬಬ್ಬಾ, ಎಂಥಾ ಹಟ!" ಎಂದಳು ಗೊಡಲೀವ.

"ಬರೀ ಹಟ ಅಲ್ಲ ಅಕ್ಕ, ಲೆಕ್ಕಾಚಾರ" ಎಂದಳು ಹೆಡ್ವಿಗ್.

ಇಳಿಯುವಾಗ ದೋಣಿಯವಳು ಗೊಡಲೀವಳ ಮೊಣಕೈ ಹಿಡಿದು ಮೆಟ್ಟಿಲು ಹತ್ತಿಸಿದಳು. ಗೊಡಲೀವ ಅವಳ ಕೆನ್ನೆ ತಟ್ಟಿ, ನಾಲ್ಕು ಜನರಿಗೆ ಕೇಳುವಂತೆ ಹೇಳಿದಳು. "ಎಷ್ಟು ನಯ, ಎಷ್ಟು ವಿನಯ! ಒಳ್ಳೇ ಮನೆತನದ ಹುಡುಗಿ ಅಂತ ನೋಡಿದ್ರೇ ಗೊತ್ತಾಗುತ್ತೆ."

ಹೆಡ್ವಿಗ್‌ಗೆ ಹೊಟ್ಟೆ ತಣ್ಣಗಾಯಿತು. ಊಟಕ್ಕೆ ಕೂತಾಗ ಬಿಯರಿನಲ್ಲಿ ಬೇಯಿಸಿದ ದನದ ಮಾಂಸವನ್ನು ಎರಡೆರಡು ಸಲ ಬಡಿಸಿಕೊಂಡು ತಿಂದಳು.

ಮನೆಗೆ ಬಂದು ಕಾಫಿ ಆದ ಮೇಲೆ ಫಿರ್ಮಿನ್ ಗಂಟಲು ಸರಿಮಾಡಿಕೊಂಡು ರಟ್ಟಿನ ಡಬ್ಬ ಮೇಜಿನ ಮೇಲಿಟ್ಟ. ತೆಳುಕಾಗದ ಬಿಡಿಸಿದರೆ ಅದೇ ಅಂಗಿ. ಕೆಳಗಿನ ಅಂಚನ್ನು ಇಲಿ ಕಡಿದಿತ್ತು. ಎದೆಯ ಗುಲಾಬಿ ಮಾತ್ರ ನಿನ್ನೆ ಹೆಣೆದಂತೆ ಇತ್ತು.

"ಅಟ್ಟದ ಮೇಲಿಟ್ಟಿದ್ದೆ. ನೋಡು, ಹಾಳು ಇಲಿ!" ಎಂದಳು ಗೊಡಲೀವ. "ಎಷ್ಟು ಕಡೆ ತೋರಿಸಿದ್ವಿ. ಯಾರೂ ಮುಟ್ಟೋದಿಲ್ಲ ಅಂದ್ರು. ಮುಂದಿನ ತಿಂಗಳು ಚರ್ಚು. ಅಮ್ಮನ ಕೈಕೆಲಸ ಕಣೇ, ನೀನಲ್ಲದೆ ಇನ್ಯಾರು ಮಾಡ್ತಾರೆ?"

"ಅಂಚು ಅಮ್ಮಂದು. ಗುಲಾಬಿ ನಂದು" ಎಂದಳು ಹೆಡ್ವಿಗ್.

"ಹೌದೌದು, ನಿಂದೇ. ನಾನೇ ನೋಡಿಲ್ವಾ?"

ಅಷ್ಟರಲ್ಲಿ ಬಾಗಿಲು ತೆರೆಯಿತು. ಕೆಲಸ ಮುಗಿಸಿದ ದೋಣಿಯವಳು ಒಳಗೆ ಬಂದು ಜಾಕೆಟ್ಟನ್ನು ಗೂಟಕ್ಕೆ ತೂಗುಹಾಕಿದಳು.

"ಅರೆ, ದೋಣಿ ಹುಡುಗಿ! ನೀನಿಲ್ಲಿ?" ಎಂದು ಗೊಡಲೀವ ಮುಖ ಅರಳಿಸಿದಳು.

"ನನ್ನ ಮಗಳು ವೀರ್ಲೆ" ಎಂದಳು ಹೆಡ್ವಿಗ್. "ಕಟ್ಟೆ ಮೇಲೆ ಏನಂದೆ ಅಕ್ಕ? ಇನ್ನೊಂದ್ಸಲ ಹೇಳು. ಅವಳೂ ಕೇಳ್ಲಿ."

ಗೊಡಲೀವ ವೀರ್ಲೆಯ ಮುಖದಿಂದ ಕಣ್ಣು ಕಿತ್ತು, ಮೇಜಿನ ಮೇಲಿನ ಅಂಗಿಯ ಮಡಿಕೆ ಸರಿಮಾಡತೊಡಗಿದಳು. ಫಿರ್ಮಿನ್ ಕಾಫಿ ಲೋಟದೊಳಗೆ ಇಣುಕಿದ. ಹೆಡ್ವಿಗ್ ಕಾದಳು. ನಿಜ ಹೇಳಬೇಕೆಂದರೆ ಒಳಗೆಲ್ಲೋ ಸಣ್ಣ ಆಸೆಯಿತ್ತು. ಅಕ್ಕ 'ತಪ್ಪಾಯ್ತು' ಎಂದುಬಿಟ್ಟರೆ ಕತ್ತರಿ ಡ್ರಾಯರಿನಲ್ಲೇ ಉಳಿಯುತ್ತಿತ್ತೇನೋ.

"ಅದೆಲ್ಲ ಹಳೇ ಕಥೆ" ಎಂದಳು ಗೊಡಲೀವ ಕೊನೆಗೆ. "ಕಾಲ ಹಾಗಿತ್ತು. ಎಲ್ರೂ ಹಾಗೇ ಮಾಡ್ತಿದ್ರು. ಈಗ ಯಾಕದನ್ನ ಕೆದಕೋದು?"

ಹೆಡ್ವಿಗ್ ಕತ್ತರಿ ತೆಗೆದಳು. ಈ ಲೇಸಿನಲ್ಲಿ ಒಂದೊಂದು ಹೂವನ್ನೂ ಬೇರೆ ಬೇರೆ ಹೆಣೆದು, ಆಮೇಲೆ ಕೂದಲೆಳೆಯಂಥ ದಾರದಿಂದ ಕೂಡಿಸುತ್ತಾರೆ. ಕೂಡಿಸಿದ ಕೈಗೆ ಬಿಡಿಸುವುದೂ ಗೊತ್ತು. ಮೊದಲ ಎಳೆ ಕಟ್ಟಾದಾಗ ಗೊಡಲೀವಳಿಗೆ ಅರ್ಥವಾಗಲಿಲ್ಲ. ನಾಲ್ಕನೆಯದಕ್ಕೆ ಚೀರಿದಳು.

"ಏ, ಏನು ಮಾಡ್ತಿದೀಯಾ? ಹುಚ್ಚು ಹಿಡಿದಿದ್ಯಾ ನಿಂಗೆ?"

"ಅಲ್ಲಾಡ್ಬೇಡ ಅಕ್ಕ. ಅಮ್ಮನ ಒಂದೆಳೆಗೂ ನಾನು ಕತ್ತರಿ ತಾಗಿಸಲ್ಲ. ನಂದು ಮಾತ್ರ ತಗೋತೀನಿ."

ಫಿರ್ಮಿನ್ ಎದ್ದ. ವೀರ್ಲೆ ಅವನ ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ ಕೂರಿಸಿದಳು. ಗುಲಾಬಿ ಒಂದು ಎಸಳೂ ಕೆಡದೆ ಹೆಡ್ವಿಗ್‌ಳ ಅಂಗೈಗೆ ಬಂತು. ಅಂಗಿಯ ಎದೆಯಲ್ಲಿ ಮುಷ್ಟಿ ತೂರುವಷ್ಟು ತೂತು ಬಿತ್ತು.

ಕಾತ್ಲೈನ್ ಮಗುವನ್ನು ಅವಚಿಕೊಂಡು ಅಳುತ್ತಿದ್ದಳು. "ಚಿಕ್ಕಮ್ಮ, ನನ್ನ ಮಗು ನಿಮಗೇನು ಮಾಡಿತ್ತು?"

"ಏನೂ ಮಾಡಿರ್ಲಿಲ್ಲ" ಎಂದಳು ಹೆಡ್ವಿಗ್. "ಇವಳೂ ಏನೂ ಮಾಡಿರ್ಲಿಲ್ಲ."

ಕಾತ್ಲೈನ್ ತಲೆಯೆತ್ತಿ ವೀರ್ಲೆಯನ್ನು ನೋಡಿದಳು, ಆಮೇಲೆ ತಾಯಿಯನ್ನು. "ಅಮ್ಮ, ಏನಿದು? ಇವಳಿಗೆ ಅಂಗಿ ಕೊಡ್ಲಿಲ್ವಾ ನೀನು?" ಗೊಡಲೀವ ಮೇಜಿನ ಮೇಲಿನ ಸಕ್ಕರೆ ಬಟ್ಟಲನ್ನು ಸುಮ್ಮನೆ ಅತ್ತಿಂದಿತ್ತ ಸರಿಸಿದಳು.

ಹೆಡ್ವಿಗ್ ಬೀರು ತೆಗೆದು ಮಡಿಚಿಟ್ಟಿದ್ದ ನೀಲಿ ಬಟ್ಟೆಯ ಪುಟ್ಟ ಅಂಗಿ ತಂದಳು. ಬಣ್ಣ ಮಾಸಿತ್ತು. "ಇಲಿ ಕಡಿದಿದ್ದನ್ನ ಸರಿ ಮಾಡಿಕೊಡ್ತೀನಿ, ಅಮ್ಮನ ಕೆಲಸ ಅದು. ಎದೇ ತೂತಿಗೆ ಬೇಕಾದ್ರೆ ಇದರದ್ದು ತುಂಡು ಕೊಡ್ತೀನಿ. ಅಂಥಾ ಮಗು ತೊಟ್ಟ ಬಟ್ಟೆ. ಬೇಡ ಅಂದ್ರೆ ತೂತು ಹಾಗೇ ಇರ್ಲಿ."

"ಬೇಡ!" ಎಂದಳು ಗೊಡಲೀವ. "ಡಬ್ಬಕ್ಕೆ ಹಾಕು ಫಿರ್ಮಿನ್, ಹೋಗೋಣ."

"ನೀನು ಸುಮ್ನಿರಮ್ಮ. ಮಗು ನಂದು" ಎಂದಳು ಕಾತ್ಲೈನ್. ಮೂಗು ಒರೆಸಿಕೊಂಡು ಅಂಗಿಯನ್ನು ಹೆಡ್ವಿಗ್‌ಳ ಕಡೆ ತಳ್ಳಿದಳು. "ಹಚ್ಚಿ ಚಿಕ್ಕಮ್ಮ. ಎಲ್ರಿಗೂ ಕಾಣೋ ಹಾಗೆ ಹಚ್ಚಿ."

ಹೆಡ್ವಿಗ್ ಇಷ್ಟನ್ನು ಎಣಿಸಿರಲಿಲ್ಲ. ತೂತು ಹಾಗೇ ಉಳಿದಿದ್ದರೂ ಅವಳಿಗೆ ಸಾಕಾಗಿತ್ತು. ಈಗ ಆ ಮನೆಯಲ್ಲಿ ಹುಟ್ಟುವ ಮಗುವೊಂದೊಂದೂ ನೀಲಿ ತೇಪೆ ಎದೆಯ ಮೇಲೆ ಹೊತ್ತು ಚರ್ಚಿಗೆ ಹೋಗುತ್ತದೆ. ಯಾಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ಪ್ರತಿಸಲವೂ ಗೊಡಲೀವ ಉತ್ತರ ಹೇಳಬೇಕಾಗುತ್ತದೆ. ಹೆಡ್ವಿಗ್ ಖುಷಿಯಿಂದ ನೀಲಿ ಅಂಗಿಯ ಒಂದು ತುಂಡು ಕತ್ತರಿಸಿದಳು. ವೀರ್ಲೆ ಸೂಜಿಗೆ ದಾರ ಪೋಣಿಸಿಕೊಟ್ಟಳು.

"ನೀನು ಕೂತ್ಕೋ ಅಕ್ಕ" ಎಂದಳು ಹೆಡ್ವಿಗ್, ತೇಪೆಯನ್ನು ತೂತಿನ ಮೇಲೆ ಇಡುತ್ತಾ. "ಅವತ್ತೂ ಎದುರಿಗೇ ಕೂತು ನೋಡಿದ್ದೆ. ಇದನ್ನೂ ನೋಡು."