ಮುಚ್ಚಳಕ್ಕೆ ಬಳಿದ ವಿಭೂತಿ

"ಪೆಟ್ರೋಲಿನ್ಯಾಗ ನೀರು ಬೆರೆಸೀಯಲೇ, ಕಳ್ಳ!" ಎಂದು ಮೇಸ್ತ್ರಿ ಮರೆಪ್ಪ ಗುಡುಗಿದ. ಅತ್ತಿಬೆಲೆಯ ಆ ಕಟ್ಟಡದ ಮೇಲೆ ಸುರಿದ ಕಾಂಕ್ರೀಟು ಗಟ್ಟಿಯಾಗತೊಡಗಿತ್ತು. ಅದನ್ನು ಕುಲುಕಿ ಕೂರಿಸುವ ವೈಬ್ರೇಟರಿನ ಎಂಜಿನ್ ಮಾತ್ರ ಶುರುವಾಗಿ ಮರುಕ್ಷಣವೇ ನಿಲ್ಲುತ್ತಿತ್ತು.

"ಕಾರ್ಬುರೇಟರ್ ತೊಳ್ದೀನಿ, ಜೆಟ್ ಊದೀನಿ. ಇನ್ನೇನ್ ನನ್ನ ರಕ್ತ ಹಾಕ್ಲ್ಯಾ?" ಎಂದ, ಪೆಟ್ರೋಲ್ ತಂದಿದ್ದ ಮೆಕ್ಯಾನಿಕ್ ರೇವಣಸಿದ್ದ. ಸಿಟ್ಟಿನಲ್ಲೇ ಟ್ಯಾಂಕಿನ ಮುಚ್ಚಳ ತಿರುವಿದ. ಗಾಳಿ ಉಸ್ಸೆಂದು ಒಳನುಗ್ಗಿತು. ಹಗ್ಗ ಎಳೆದರೆ ಎಂಜಿನ್ ನಿಲ್ಲದೆ ಓಡಿತು.

ಹಿಂದಿನ ದಿನದ ಆಯುಧಪೂಜೆಯಲ್ಲಿ ಮರೆಪ್ಪ ದಪ್ಪಗೆ ಬಳಿದಿದ್ದ ವಿಭೂತಿ ಮುಚ್ಚಳದ ಗಾಳಿತೂತನ್ನು ಮುಚ್ಚಿತ್ತು. ಗಾಳಿಯಿಲ್ಲದೆ ಪೆಟ್ರೋಲ್ ಕೆಳಗಿಳಿದಿರಲಿಲ್ಲ.

"ನಿನ್ನ ಭಕ್ತಿಗೆ ಎಂಜಿನ್ನಿಗೇ ಉಸಿರು ಕಟ್ಟೈತಿ!" ಎಂದ ರೇವಣಸಿದ್ದ.

ಕೂಲಿಯವರೆಲ್ಲ ನಕ್ಕರು. ಮರೆಪ್ಪನೂ ನಗುತ್ತ, "ಚಾ ಕುಡದು ಹೋಗೋ ತಮ್ಮಾ" ಎಂದ.

"ಕಳ್ಳಗ ಯಾಕ ಚಾ? ನೀನೇ ಕುಡಿ" ಎಂದು ರೇವಣಸಿದ್ದ ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬಿಕೊಂಡು ಕೆಳಗಿಳಿದ. ಮತ್ತೆಂದೂ ಆ ಕಡೆ ತಲೆಹಾಕಲಿಲ್ಲ.